ಮೈಕ್ ಸೆಟ್‌ನ ಮಿಕ್ಸರ್ ರೇಸಿಂಗ್ ಸೀಟಿನ ಪಕ್ಕಕ್ಕೆ ಬಂದದ್ದು ಹೇಗೆ?

ಬಳ್ಳಾರಿಯಲ್ಲಿ ಆಡಿಯೊ ಮಿಕ್ಸರ್ ನೋಡದವರು ಕಡಿಮೆ. ಮದುವೆ ಮಂಟಪದ ಮೂಲೆಯಲ್ಲಿ, ಜಾತ್ರೆ ನಾಟಕದ ಸ್ಟೇಜ್ ಪಕ್ಕ, ಗಣೇಶನ ಮೆರವಣಿಗೆಯ ಡಿಜೆ ಗಾಡಿ ಮೇಲೆ ಅದು ಇದ್ದೇ ಇರುತ್ತದೆ. ಹಲವು ಕಡೆಯಿಂದ ಬರುವ ಸದ್ದನ್ನು ಸೇರಿಸಿ, ಯಾವುದು ಎಷ್ಟಿರಬೇಕು ಅಂತ ಹದ ಮಾಡುವ ಪೆಟ್ಟಿಗೆ ಅದು. ಸಾಲು ಸಾಲು ನಾಬ್‌ಗಳು, ಕೆಳಗೆ ಮೇಲೆ-ಕೆಳಗೆ ಜಾರಿಸುವ ಫೇಡರ್‌ಗಳು, ಅದರ ಮೇಲೆ ಬಗ್ಗಿ ನಿಂತ ಒಬ್ಬ ಹುಡುಗ. ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುವವರು ಈಗ ಅದೇ ಪೆಟ್ಟಿಗೆಯನ್ನು ತಮ್ಮ ಸೀಟಿನ ಪಕ್ಕ ಇಟ್ಟುಕೊಳ್ಳುತ್ತಿದ್ದಾರೆ. ಹಾಡಿಗಲ್ಲ, ಮೈಕಿಗಲ್ಲ. ಸೀಟು ಯಾವಾಗ ನಡುಗಬೇಕು, ಎಷ್ಟು ನಡುಗಬೇಕು ಅಂತ ತೀರ್ಮಾನಿಸೋಕೆ.

ಕಿವಿಗೆ ಬೇಕಾದ ಸದ್ದು ಬೇರೆ, ಮೈಗೆ ಬೇಕಾದ ಸದ್ದು ಬೇರೆ. ಸಿನಿಮಾದವರಿಗೆ ಇದು ಐವತ್ತು ವರ್ಷದ ಹಿಂದೆಯೇ ಗೊತ್ತಿತ್ತು. ಆಮೇಲೆ ಎಲ್ಲರೂ ಮರೆತರು. ರೇಸ್ ಆಡುವವರು ಅದನ್ನು ಮತ್ತೆ ಹುಡುಕಿಕೊಳ್ಳಬೇಕಾಯಿತು.

1974ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಭೂಕಂಪದ ಸಿನಿಮಾವೊಂದನ್ನು ಬಿಡುಗಡೆ ಮಾಡಿತು. ಥಿಯೇಟರ್‌ಗಳಲ್ಲಿ ಅದಕ್ಕೆಂದೇ ಸರ್ವಿನ್-ವೇಗಾ ಕಂಪನಿಯ ದೈತ್ಯ ಬಾಸ್ ಸ್ಪೀಕರ್‌ಗಳನ್ನು ಕೂರಿಸಿದರು. ಈ ವ್ಯವಸ್ಥೆಗೆ ‘ಸೆನ್ಸರೌಂಡ್’ ಅಂತ ಹೆಸರು. ಲಾಸ್ ಏಂಜಲೀಸ್‌ನ ಚೈನೀಸ್ ಥಿಯೇಟರಿನಲ್ಲಂತೂ ಛಾವಣಿಯ ಗಾರೆ ಉದುರಿ ಜನರ ತಲೆ ಮೇಲೆ ಬಿದ್ದೀತು ಅಂತ ಬಲೆ ಕಟ್ಟಿದ್ದರು. ಪ್ರಚಾರದ ಗಿಮಿಕ್ಕೂ ಅದರಲ್ಲಿ ಸೇರಿತ್ತು ಅನ್ನಿ. ಆದರೆ ನಿಜವಾದ ಜಾಣತನ ಇದ್ದದ್ದು ಬೇರೆ ಕಡೆ. ಆ ಗುಡುಗಾಟವನ್ನು ಸಿನಿಮಾದ ಸದ್ದಿನಿಂದ ತೆಗೆದುಕೊಂಡಿರಲಿಲ್ಲ. ರೀಲಿನಲ್ಲಿ ಒಂದು ಸಂಕೇತ ಮಾತ್ರ ಇರುತ್ತಿತ್ತು. ಅದು ಬಂದ ಕೂಡಲೇ ಥಿಯೇಟರಿನಲ್ಲಿದ್ದ ಪ್ರತ್ಯೇಕ ಯಂತ್ರ ತಾನೇ ಗುಡುಗು ಹುಟ್ಟಿಸುತ್ತಿತ್ತು.

ವಿಡಿಯೊ ಗೇಮ್‌ಗಳು ಬೇರೆ ದಾರಿ ಹಿಡಿದವು. ಸೇಗಾ ಕಂಪನಿ 1976ರಲ್ಲೇ ಹ್ಯಾಂಡಲ್ ನಡುಗುವ ಬೈಕ್ ಆಟ ತಂದಿತ್ತು. 1997ರಲ್ಲಿ ನಿಂಟೆಂಡೊ, ಸೋನಿ ಎರಡೂ ಕೈಯಲ್ಲಿ ಹಿಡಿಯುವ ಕಂಟ್ರೋಲರಿಗೆ ಪುಟ್ಟ ಮೋಟಾರ್ ಸೇರಿಸಿದವು. ಜಿರ್ರ್ ಅನ್ನುತ್ತದೆ, ಅಷ್ಟೇ.

ಸೀಟಿಗೆ ನಡುಕ ಬಂದದ್ದು ಹೋಮ್ ಥಿಯೇಟರಿನಿಂದ. ಐದು ಸ್ಪೀಕರ್ ಜೊತೆಗೊಂದು ಬಾಸ್ ಚಾನೆಲ್ ಇರುವ 5.1 ಸೌಂಡ್ ಬಂದಾಗ ಆ ‘.1’ ಅನ್ನು 120 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 120 ಕಂಪನಕ್ಕಿಂತ, ಕೆಳಗಿನ ಬಾಸ್‌ಗೆಂದೇ ಮೀಸಲಿಟ್ಟರು. ಅದನ್ನು ಸೋಫಾಗೆ ತಲುಪಿಸೋಕೆ ಬಂದದ್ದು ಬಾಸ್ ಶೇಕರ್. ಇದು ಕೋನ್ ಇಲ್ಲದ ಸ್ಪೀಕರ್. ಒಳಗೆ ಕಾಯಿಲ್, ಆಯಸ್ಕಾಂತ, ಒಂದಿಷ್ಟು ಭಾರ. ಗಾಳಿಯನ್ನು ಅಲುಗಿಸುವ ಬದಲು ತನ್ನನ್ನು ಯಾವುದಕ್ಕೆ ಬೋಲ್ಟ್ ಮಾಡಿದ್ದಾರೋ ಅದನ್ನೇ ಅಲುಗಿಸುತ್ತದೆ. ಆರಾ, ಬಟ್‌ಕಿಕ್ಕರ್, ಡೇಟನ್ ಆಡಿಯೊ ಇದರಲ್ಲಿ ಹೆಸರು ಮಾಡಿದವು. ರೇಸ್ ಆಡುವವರು ಇದನ್ನು ತಂದು ಸೀಟಿನ ಕೆಳಗೆ ಬಿಗಿದರು, ಆಟದ ಸದ್ದನ್ನೇ ಅದಕ್ಕೆ ಕೊಟ್ಟರು.

ತೊಂದರೆ ಶುರುವಾದದ್ದು ಅಲ್ಲೇ. ಆಟದ ಸದ್ದಿನಲ್ಲಿ ಎಲ್ಲವೂ ಇರುತ್ತದೆ. ಎಂಜಿನ್, ಗಾಳಿ, ಪಕ್ಕದ ಕಾರು, ಮೆನುವಿನಲ್ಲಿ ಬರುವ ಮ್ಯೂಸಿಕ್. ಹಾಡಿಗೂ ಸೀಟು ಕುಣಿಯುತ್ತದೆ. ಎಡಗಡೆ ಹಿಂದಿನ ಚಕ್ರ ಜಾರುತ್ತಿರುವುದು ಮಾತ್ರ ಗೊತ್ತಾಗುವುದಿಲ್ಲ.

ಇದಕ್ಕೆ ಉತ್ತರ ಕೊಟ್ಟದ್ದು ಟೆಲಿಮೆಟ್ರಿ. ಈಗಿನ ಎಷ್ಟೋ ರೇಸಿಂಗ್ ಆಟಗಳು ಓಡುತ್ತಿರುವಾಗಲೇ ಲೆಕ್ಕ ಹೊರಗೆ ಕೊಡುತ್ತವೆ. ಎಂಜಿನ್ ಎಷ್ಟು ಸುತ್ತು, ಸಸ್ಪೆನ್ಷನ್ ಎಷ್ಟು ಕುಗ್ಗಿತು, ಯಾವ ಚಕ್ರ ಜಾರಿತು, ಗೇರ್ ಯಾವಾಗ ಬಿತ್ತು, ಎಲ್ಲ. ಸಿಮ್‌ವೈಬ್, ಸಿಮ್‌ಹಬ್‌ನಂಥ ಸಾಫ್ಟ್‌ವೇರ್‌ಗಳು ಆ ಲೆಕ್ಕ ಓದಿ ತಾವೇ ಅಲೆ ಹುಟ್ಟಿಸುತ್ತವೆ. ಅದು ಸೌಂಡ್ ಕಾರ್ಡಿನಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಶೇಕರಿಗೆ ಹೋಗುತ್ತದೆ. ಸೆನ್ಸರೌಂಡ್ ಮಾಡಿದ್ದೂ ಇದನ್ನೇ ಅಲ್ವಾ? 7.1 ಯುಎಸ್‌ಬಿ ಸೌಂಡ್ ಕಾರ್ಡ್ ಇದ್ದರೆ ನಾಲ್ಕು ಚಕ್ರಕ್ಕೆ ನಾಲ್ಕು ಶೇಕರ್ ಹಾಕಿ, ಮೇಲೆ ಗೇರಿಗೊಂದು ಚಾನೆಲ್ ಉಳಿಸಿಕೊಳ್ಳಬಹುದು.

ಹಾಗಾದರೆ ಮಿಕ್ಸರ್ ಯಾಕೆ?

ಯಾಕಂದ್ರೆ ಎಲ್ಲರೂ ನಾಲ್ಕು ಶೇಕರ್ ಹಾಕುವುದಿಲ್ಲ. ಒಂದೋ ಎರಡೋ ಹಾಕಿ ಎಲ್ಲ ಪರಿಣಾಮವನ್ನೂ ಅದಕ್ಕೇ ತುಂಬುತ್ತಾರೆ. ಲೆಕ್ಕ ನೋಡಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ಅಂದರೆ ಸೆಕೆಂಡಿಗೆ 50, ಅಂದರೆ 50 ಹರ್ಟ್ಸ್. ರಸ್ತೆಯ ಉಬ್ಬು, ಟ್ರ್ಯಾಕ್ ಅಂಚಿನ ಕರ್ಬ್ ಎಲ್ಲ ಅನುಭವಕ್ಕೆ ಬರುವುದೂ ಅದರ ಆಸುಪಾಸಿನಲ್ಲೇ. ಸಣ್ಣ ಶೇಕರ್‌ಗಳು ಚೆನ್ನಾಗಿ ನಡುಗುವುದೂ 40 ಹರ್ಟ್ಸ್ ಹತ್ತಿರವೇ. ಎಂಜಿನ್ ಬಿಡದೆ ಗುಯ್‌ಗುಡುತ್ತಿದ್ದರೆ ಕರ್ಬ್ ಅದರೊಳಗೆ ಮುಳುಗಿಹೋಗುತ್ತದೆ. ಇನ್ನೊಂದು, ಒಂದೇ ನಡುಕ ಬರುತ್ತಲೇ ಇದ್ದರೆ ಚರ್ಮಕ್ಕೆ ಅದು ರೂಢಿಯಾಗಿ ಮರಗಟ್ಟುತ್ತದೆ. ಸಾಲದು ಅಂತ ಆಡುವವನು ವಾಲ್ಯೂಮ್ ಇನ್ನೂ ಜಾಸ್ತಿ ಮಾಡುತ್ತಾನೆ. ಕೊನೆಗೆ ಉಳಿಯುವುದು ಸುಮ್ನೆ ಅದುರಾಟ.

ಎಂಜಿನ್ನನ್ನು ಇದೆಯೋ ಇಲ್ಲವೋ ಅನ್ನುವಷ್ಟು ಇಳಿಸಿ, ಕರ್ಬ್ ಮತ್ತು ಚಕ್ರ ಜಾರುವುದನ್ನು ಮೇಲೆ ತರಬೇಕು. ಸಾಫ್ಟ್‌ವೇರಿನಲ್ಲೂ ಇದು ಆಗುತ್ತದೆ. ಆದರೆ ಕಾರು ಬದಲಾದರೆ ಹದ ಬದಲಾಗುತ್ತದೆ, ಟ್ರ್ಯಾಕ್ ಬದಲಾದರೂ ಅಷ್ಟೇ. ರೇಸ್ ನಡುವೆ ಸ್ಟೀರಿಂಗ್ ಬಿಟ್ಟು ಮೌಸ್ ಹಿಡಿಯೋಕಾಗುತ್ತಾ? ಒಂದೊಂದು ಪರಿಣಾಮವನ್ನು ಮಿಕ್ಸರ್‌ನ ಒಂದೊಂದು ಚಾನೆಲ್‌ಗೆ ಕೊಟ್ಟರೆ ಅದರ ನಾಬನ್ನು ಪರದೆಯಿಂದ ಕಣ್ಣು ತೆಗೆಯದೆ ತಿರುಗಿಸಬಹುದು. ಎಂಜಿನ್ನಿನ ಗುಯ್ ಆಟದ ಸದ್ದಿನಿಂದಲೇ ಬರಲಿ, ಉಳಿದದ್ದು ಟೆಲಿಮೆಟ್ರಿಯಿಂದ ಬರಲಿ ಅನ್ನುವವರಿಗೂ ಎರಡನ್ನೂ ಸೇರಿಸೋಕೆ ಎರಡು ಚಾನೆಲ್ ಬೇಕೇ ಬೇಕು. ಅನಲಾಗ್ ಮಿಕ್ಸರ್‌ನಲ್ಲಿ ತಡ ಅನ್ನುವುದೂ ಇಲ್ಲ.

ಆದರೆ ಇದು ಹುಟ್ಟಿದ್ದು ಮೈಕಿಗೆ. ಹಾಗಾಗಿ ಕೆಲವು ಕಡೆ ಎಡವಟ್ಟಾಗುತ್ತದೆ. ಎಷ್ಟೋ ಮಿಕ್ಸರ್‌ಗಳ ಮೈಕ್ ಚಾನೆಲ್‌ನಲ್ಲಿ ‘ಲೋ ಕಟ್’ ಅನ್ನುವ ಸಣ್ಣ ಬಟನ್ ಇರುತ್ತದೆ. ಒತ್ತಿದರೆ 75–100 ಹರ್ಟ್ಸ್‌ಗಿಂತ ಕೆಳಗಿನದನ್ನೆಲ್ಲ ಕತ್ತರಿಸುತ್ತದೆ. ಸ್ಟೇಜ್ ಮೇಲೆ ಕಾಲಿನ ಧಡಧಡ ಮೈಕಿಗೆ ಹೋಗದಿರಲಿ ಅಂತ ಇಟ್ಟದ್ದು. ಶೇಕರಿಗೆ ಬೇಕಿರುವುದೇ ಆ ಧಡಧಡ. ಬಟನ್ ಒತ್ತಿದ್ದರೆ ಆಂಪ್ಲಿಫೈಯರ್ ಎಷ್ಟು ಏರಿಸಿದರೂ ಸೀಟು ಸತ್ತಂತಿರುತ್ತದೆ. ಸೌಂಡ್ ಕಾರ್ಡಿನ ವೈರನ್ನು ಲೈನ್ ಇನ್‌ಪುಟ್‌ಗೇ ಹಾಕಬೇಕು, ಮೈಕಿಗೆ ಕರೆಂಟು ಕೊಡುವ 48 ವೋಲ್ಟಿನ ಫ್ಯಾಂಟಮ್ ಬಟನ್ ಆಫ್ ಇರಬೇಕು. ಸದ್ದು ಮಿತಿ ಮೀರಿ ಒಡೆಯುವಾಗ ಹತ್ತುವ ಕೆಂಪು ಲೈಟಿನ ಮೇಲೂ ಒಂದು ಕಣ್ಣಿರಲಿ. ಹಾಡು ಒಡೆದರೆ ಕಿವಿ ಕೂಡಲೇ ಹೇಳುತ್ತದೆ, ಸೀಟು ಹೇಳುವುದಿಲ್ಲ. ಕಾಯಿಲ್ ಮಾತ್ರ ಒಳಗೊಳಗೇ ಬಿಸಿಯಾಗುತ್ತಿರುತ್ತದೆ. ಬಳ್ಳಾರಿಯ ಏಪ್ರಿಲ್‌ನಲ್ಲಿ ಅದಕ್ಕೆ ತಣ್ಣಗಾಗೋಕೂ ಜಾಗವಿಲ್ಲ.

ಎಲ್ಲಕ್ಕಿಂತ ದೊಡ್ಡ ತಲೆನೋವು ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು. ನಮ್ಮ ಕರೆಂಟು 50 ಹರ್ಟ್ಸ್. ಕಂಪ್ಯೂಟರ್ ಒಂದು ಬೋರ್ಡಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದು ಅರ್ಥಿಂಗ್ ಸರಿಯಿಲ್ಲದಿದ್ದರೆ ಆ 50 ಹರ್ಟ್ಸ್ ಆಡಿಯೊ ವೈರಿನೊಳಗೆ ನುಸುಳುತ್ತದೆ. ಸ್ಪೀಕರಿನಲ್ಲಾದರೆ ಸಣ್ಣಗೆ ಕೇಳಿಸುತ್ತದೆ, ಬಿಟ್ಟುಬಿಡಬಹುದು. ಶೇಕರಿಗೆ ಅದು ಸರಿಯಾಗಿ ಅದರ ಅಡ್ಡಾದಲ್ಲೇ ಬಂದು ಕೂರುತ್ತದೆ. ಕಾರು ನಿಂತಿದ್ದರೂ ಸೀಟು ಸಣ್ಣಗೆ ನಡುಗುತ್ತಿರುತ್ತದೆ. ಈ ವಿಷಯದಲ್ಲಿ ಕೌಲ್‌ಬಜಾರಿನ ಯಾವ ಮೈಕ್ ಸೆಟ್ ಹುಡುಗನನ್ನು ಕೇಳಿದರೂ ಕಂಪ್ಯೂಟರ್ ಅಂಗಡಿಯವರಿಗಿಂತ ಚೆನ್ನಾಗಿ ದಾರಿ ತೋರಿಸಿಯಾನು. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಹೊರಗಿನ ಹಮ್ ತಡೆಯುವ ಬ್ಯಾಲೆನ್ಸ್ಡ್ ಕೇಬಲ್ ಬಳಸುವುದು, ಮನೆಯ ಅರ್ಥಿಂಗ್ ಸರಿ ಮಾಡಿಸುವುದು. ಆಡಿಯೊ ವೈರಿನ ನಡುವೆ ಹಮ್ ತಡೆಯುವ ಅಗ್ಗದ ಐಸೊಲೇಟರ್ ಹಾಕಿದರೆ ಹಮ್ ಹೋಗುತ್ತದೆ, ಜೊತೆಗೆ ಕೆಳಗಿನ ಬಾಸೂ ಸೊರಗಬಹುದು. ಮೂರನೇ ಪಿನ್ ಮುರಿದು ಹಮ್ ನಿಲ್ಲಿಸುವ ಚಾಳಿ ಮಾತ್ರ ಬೇಡ. ಅದು ಜೀವದ ಪ್ರಶ್ನೆ.

ಒಂದೇ ಶೇಕರ್, ಒಂದೇ ಕಂಪ್ಯೂಟರ್ ಇರುವವರಿಗೆ ಮಿಕ್ಸರ್ ದಂಡ ಅಂತಲೇ ನನ್ನ ಅಭಿಪ್ರಾಯ. ಸಿಮ್‌ಹಬ್‌ನ ಸ್ಲೈಡರ್‌ಗಳೇ ಸಾಕು. ಅದೇ ದುಡ್ಡಿಗೆ ಮೊದಲು ಸೀಟಿನ ಕೆಳಗೆ ರಬ್ಬರ್ ಬುಷ್ ಹಾಕಿಸಿ. 40 ಹರ್ಟ್ಸ್ ನಡುಕ ಕಾಂಕ್ರೀಟ್ ಸ್ಲ್ಯಾಬಿನಲ್ಲಿ ಸಲೀಸಾಗಿ ಇಳಿಯುತ್ತದೆ, ಕೆಳಗಿನ ಮನೆಯವರು ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುತ್ತಾರೆ. ರಬ್ಬರ್ ಹಾಕಿದರೆ ಸೋರಿಹೋಗುತ್ತಿದ್ದ ನಡುಕ ಸೀಟಿನಲ್ಲೇ ಉಳಿಯುವುದರಿಂದ ಫೇಡರನ್ನೂ ಅಷ್ಟು ಮೇಲೇರಿಸಬೇಕಾಗುವುದಿಲ್ಲ.