ಹಳೇ ಕಾರಿನ ವಿನೈಲ್ ರೂಫ್: ಹೊಸದು ಹಾಕಿಸ್ಬೇಕಾ, ಕಿತ್ತು ಪೇಂಟ್ ಮಾಡಿಸ್ಬೇಕಾ?

ಓದುಗರ ಪ್ರಶ್ನೆ: ನನ್ನ ಹತ್ರ 70ರ ದಶಕದ ಎರಡು ಬಾಗಿಲಿನ ಕಾರಿದೆ, ಮೇಲೆ ಕಪ್ಪು ವಿನೈಲ್ ರೂಫ್ (ತಗಡಿನ ಮೇಲೆ ಅಂಟಿಸಿರೋ ರೆಕ್ಸಿನ್ ಥರದ ಹೊದಿಕೆ). ಬಣ್ಣ ಮಂಕಾಗಿದೆ, ಒಂದು ಕಡೆ ಹೊಲಿಗೆ ಬಿಟ್ಟಿದೆ, ಹಿಂದಿನ ಗ್ಲಾಸ್ ಪಕ್ಕ ಎರಡು ಮೂರು ಗುಳ್ಳೆ ಎದ್ದಿವೆ. ಹೊಸ ವಿನೈಲ್ ಹಾಕಿಸ್ಲಾ, ಪೂರ್ತಿ ಕಿತ್ತು ತಗಡಿಗೇ ಪೇಂಟ್ ಮಾಡಿಸ್ಲಾ, ಇಲ್ಲ ಸದ್ಯಕ್ಕೆ ಹೀಗೇ ಓಡಿಸ್ಲಾ?

ಮೂರರಲ್ಲಿ ಯಾವ್ದು ಅಂತ ಹೇಳೋಕೆ ಮುಂಚೆ ಆ ಗುಳ್ಳೆ ವಿಷ್ಯ ಮಾತಾಡೋಣ, ಯಾಕಂದ್ರೆ ನೀವು ಬರ್ದಿರೋದ್ರಲ್ಲಿ ನಿಜವಾಗ್ಲೂ ತಲೆ ಕೆಡಿಸ್ಕೋಬೇಕಾದ್ದು ಅದೊಂದೇ. ಬಣ್ಣ ಮಂಕಾಗೋದು, ಹೊಲಿಗೆ ಬಿಡೋದು ವಿನೈಲ್‌ಗೆ ಬಂದ ಕಾಯಿಲೆ. ಗುಳ್ಳೆ ಬಹಳಷ್ಟು ಸಲ ಕೆಳಗಿನ ತಗಡಿಗೆ ಬಂದ ಕಾಯಿಲೆ. ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಮೆತ್ತಗೆ ಕೆಳಗೆ ಹೋಗಿ ಮತ್ತೆ ಎದ್ರೆ ಬರೀ ಅಂಟು ಬಿಟ್ಟಿರಬಹುದು. ಒತ್ತಿದಾಗ ಒಳಗೆ ಕರಕರ ಅಂತ ಶಬ್ದ ಬಂದ್ರೆ, ಒರಟು ಒರಟಾಗಿ ಕೈಗೆ ಸಿಕ್ರೆ, ಅದು ತುಕ್ಕಿನ ಹಕ್ಕಳೆ, ಮತ್ತೆ ಅಷ್ಟು ಹೊತ್ತಿಗೆ ಗುಳ್ಳೆ ಕಾಣೋ ಜಾಗಕ್ಕಿಂತ ದೊಡ್ಡದಾಗಿ ಒಳಗೆ ಹರಡಿದೆ ಅಂತಲೇ ಅಂದ್ಕೊಳ್ಳಿ. ಸೂಜಿ ಚುಚ್ಚಿ ನೋಡೋ ಆಸೆ ಮಾತ್ರ ಬೇಡ, ನೀರಿಗೆ ಇನ್ನೊಂದು ದಾರಿ ಮಾಡಿಕೊಟ್ಟಂಗೆ ಆಗುತ್ತೆ.

ಇದು ಯಾಕೆ ಹಿಂಗಾಗುತ್ತೆ ಅಂದ್ರೆ, ವಿನೈಲ್ ರೂಫ್ ಅನ್ನೋದು ಹಿಂಬದಿಗೆ ಬಟ್ಟೆ ಇರೋ ರೆಕ್ಸಿನ್ ಥರದ ಹಾಳೆ, ಅದನ್ನ ತಗಡಿಗೆ ಅಂಟಿಸಿ, ಅಂಚನ್ನ ಗ್ಲಾಸ್ ಸುತ್ತ ಇರೋ ಸಂದಿಯೊಳಗೆ, ಬಾಗಿಲ ಮೇಲಿನ ನೀರು ಹರಿಯೋ ಗಟರ್ ಒಳಗೆ ಮಡಿಸಿ, ಮೇಲಿಂದ ಕ್ರೋಮ್ ಇಲ್ಲ ಸ್ಟೀಲ್ ಪಟ್ಟಿ ಕೂರಿಸಿ ಮುಚ್ಚಿರ್ತಾರೆ. ಆ ಪಟ್ಟಿ ಹಿಡಿಯೋ ಕ್ಲಿಪ್‌ಗಳಿಗೆ ತಗಡಲ್ಲಿ ಸಣ್ಣ ಸ್ಟಡ್ (ಮೊಳೆ ಥರದ ಗೂಟ) ವೆಲ್ಡ್ ಆಗಿರುತ್ತೆ, ಇಲ್ಲ ತೂತು ಇರುತ್ತೆ. ವರ್ಷಗಟ್ಟಲೆ ಬಿಸಿಲು ಬಿದ್ದಾಗ ವಿನೈಲನ್ನ ಮೆತ್ತಗೆ ಇಡೋ ಪ್ಲಾಸ್ಟಿಸೈಜರ್ ನಿಧಾನವಾಗಿ ಹೊರಟು ಹೋಗುತ್ತೆ, ಹಾಳೆ ಗಟ್ಟಿಯಾಗುತ್ತೆ, ಕುಗ್ಗುತ್ತೆ, ಕುಗ್ಗಿದಾಗ ಹೊಲಿಗೆ ಎಳೆದು ಬಾಯಿ ಬಿಡುತ್ತೆ, ಅಂಚು ಪಟ್ಟಿ ಕೆಳಗಿಂದ ಹೊರಗೆ ಜಾರುತ್ತೆ. ಆಮೇಲೆ ನೀರಿಗೆ ಸೂಜಿ ತೂತಿನಷ್ಟು ಜಾಗ ಸಾಕು. ಒಳಗೆ ಹೋದ ನೀರನ್ನ ಆ ಹಿಂಬದಿ ಬಟ್ಟೆ ಹೀರ್ಕೊಂಡು ಗಾಯಕ್ಕೆ ಒದ್ದೆ ಬ್ಯಾಂಡೇಜ್ ಕಟ್ಟಿದಂಗೆ ತಗಡಿಗೆ ಒತ್ತಿ ಹಿಡ್ಕೊಂಡಿರುತ್ತೆ. ಪೇಂಟ್ ಮಾಡಿದ ರೂಫ್ ಆದ್ರೆ ಮಳೆ ನಿಂತ ಮೇಲೆ ಒಣಗುತ್ತೆ, ಇದು ಒಣಗಲ್ಲ. ಅದರ ಮೇಲೆ ಇನ್ನೊಂದು ತೊಂದರೆ, ಎಷ್ಟೋ ಕಾರುಗಳಲ್ಲಿ ವಿನೈಲ್ ಬರೋ ಜಾಗ ಹೇಗೂ ಕಾಣಲ್ಲ ಅಂತ ಫ್ಯಾಕ್ಟರಿಯಲ್ಲೇ ಅಲ್ಲಿಗೆ ಪ್ರೈಮರ್ ಮತ್ತೆ ತೆಳುವಾಗಿ ಒಂದು ಕೋಟ್ ಹೊಡೆದು ಬಿಟ್ಟಿರ್ತಾರೆ. ಒಳಗೆ ಫೋಮ್ ಇಟ್ಟು ಉಬ್ಬಿಸಿರೋ ಪ್ಯಾಡೆಡ್ ರೂಫ್ ಆದ್ರಂತೂ ನೀರು ಇನ್ನೂ ಜಾಸ್ತಿ ದಿನ ಕೂತಿರುತ್ತೆ.

ತುಕ್ಕು ಹಿಡಿಯೋ ಜಾಗಗಳೂ ಹೆಚ್ಚು ಕಮ್ಮಿ ಎಲ್ಲಾ ಕಾರಲ್ಲೂ ಅವೇ: ಹಿಂದಿನ ಗ್ಲಾಸ್‌ನ ಕೆಳಗಿನ ಎರಡು ಮೂಲೆ, ಸಿ ಪಿಲ್ಲರ್ (ಹಿಂದಿನ ಗ್ಲಾಸ್‌ನ ಅಕ್ಕಪಕ್ಕ ರೂಫ್ ಹೊತ್ತಿರೋ ಕಂಬ) ಬುಡ, ರೂಫ್ ತಗಡು ಬಂದು ಹಿಂದಿನ ಕ್ವಾರ್ಟರ್ ಪ್ಯಾನೆಲ್‌ಗೆ (ಹಿಂದಿನ ಚಕ್ರದ ಮೇಲಿನ ಬಾಡಿ ತಗಡಿಗೆ) ಸೇರೋ ಜಾಯಿಂಟ್, ಗಟರ್. ನಿಮ್ಮ ಗುಳ್ಳೆ ಎದ್ದಿರೋದೂ ಗ್ಲಾಸ್ ಪಕ್ಕದಲ್ಲೇ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಇನ್ನೂ ಏನೂ ಕೀಳದೆ ಒಳಗಿಂದ ನೋಡೋದು ತುಂಬಾ ಇದೆ. ಡಿಕ್ಕಿ ಪೂರ್ತಿ ಖಾಲಿ ಮಾಡಿ, ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಆ ಗುಂಡಿಯಲ್ಲಿ ನೀರಿನ ಕಲೆ ಇದ್ಯಾ ನೋಡಿ. ಡಿಕ್ಕಿ ಒಳಗಿಂದಲೇ ಟಾರ್ಚ್ ಹಾಕಿ ಹಿಂದಿನ ಗ್ಲಾಸ್ ಕೆಳಗಿನ ಪ್ಯಾನೆಲ್‌ನ ಅಡಿಭಾಗ ನೋಡಿ, ಅಲ್ಲಿ ಕಂದು ಗೆರೆ ಇಳಿದಿದ್ರೆ ಮೇಲೆ ತೂತು ಬಿದ್ದಿರೋ ಸಾಧ್ಯತೆ ಜಾಸ್ತಿ. ಹಿಂದಿನ ಸೀಟಿನ ಹಿಂದೆ ಇರೋ ಶೆಲ್ಫ್ ಉಬ್ಬಿದ್ಯಾ, ರೂಫ್ ಲೈನಿಂಗ್ ಬಟ್ಟೆ ಮೇಲೆ ಹಳದಿ ಉಂಗುರ ಬಂದಿದ್ಯಾ, ಕಾರು ಮುಚ್ಚಿಟ್ಟು ತೆಗೆದಾಗ ಮುಗ್ಗಲು ವಾಸನೆ ಬರುತ್ತಾ, ಎಲ್ಲಾ ಲೆಕ್ಕಕ್ಕೆ ಬರುತ್ತೆ. ತೆಳು ವಿನೈಲ್ ಆದ್ರೆ ಒಂದು ಸಣ್ಣ ಮ್ಯಾಗ್ನೆಟ್‌ನ ಬಟ್ಟೆಯಲ್ಲಿ ಸುತ್ತಿ ಮೇಲೆ ಓಡಿಸಿ ನೋಡ್ಬಹುದು, ಒಂದು ಜಾಗದಲ್ಲಿ ಹಿಡಿತ ತಟ್ಟನೆ ಕಮ್ಮಿ ಆದ್ರೆ ಅಲ್ಲಿ ಯಾರೋ ಪುಟ್ಟಿ ತುಂಬಿರೋ ಸಾಧ್ಯತೆ ಇದೆ. ಪ್ಯಾಡೆಡ್ ರೂಫ್‌ಗೆ ಈ ಪರೀಕ್ಷೆ ನಡೆಯಲ್ಲ.

ಈಗ ಇನ್ನೊಂದು ಪ್ರಶ್ನೆ, ನಿಮ್ಮ ಕಾರಿಗೆ ಈ ರೂಫ್ ಫ್ಯಾಕ್ಟರಿಯಿಂದಲೇ ಬಂದಿದ್ದಾ? ಇದನ್ನ ತುಂಬಾ ಜನ ಕೇಳ್ಕೊಳ್ಳೋದೇ ಇಲ್ಲ, ಆದ್ರೆ ಅರ್ಧ ತೀರ್ಮಾನ ಇದರ ಮೇಲೇ ನಿಂತಿದೆ. ವಿನೈಲ್ ಬಂದಿದ್ದೇ ನೋಟಕ್ಕೋಸ್ಕರ, ಬಟ್ಟೆಯ ರೂಫ್ ಮೇಲೆ ಮುಚ್ಚಿದ ಕನ್ವರ್ಟಿಬಲ್ (ರೂಫ್ ಮಡಿಸಬಹುದಾದ ಕಾರು) ಥರ ಕಾಣ್ಲಿ ಅಂತ, ತಗಡನ್ನ ಕಾಪಾಡೋಕಲ್ಲ. 1956ರ ಕ್ಯಾಡಿಲಾಕ್ ಎಲ್ಡೊರಾಡೊ ಸೆವಿಲ್‌ಗೆ ವಿನೈಲ್ ಹೊದಿಕೆ ಇತ್ತು, 1962ರಲ್ಲಿ ಫೋರ್ಡ್ ಥಂಡರ್‌ಬರ್ಡ್‌ನ ವಿನೈಲ್ ರೂಫ್ ಇರೋ ಲ್ಯಾಂಡೋ ಮಾಡೆಲ್ ಬಂತು, ಅಲ್ಲಿಂದ 60ರ ದಶಕದ ಕೊನೆಗೆ, 70ರ ದಶಕದ ತುಂಬಾ ಇದು ಎಲ್ಲಾ ಕಡೆ ಹಬ್ಬಿ, ಅಮೆರಿಕಾದ ಕಾರುಗಳ ಜೊತೆಗೆ ಬ್ರಿಟನ್ನಿನ ಕಾರ್ಟಿನಾ, ಆಸ್ಟ್ರೇಲಿಯಾದ ವ್ಯಾಲಿಯಂಟ್ ಥರದವುಗಳ ಮೇಲೂ ಕೂತ್ಕೊಂಡ್ತು. ಫ್ಯಾಷನ್ ಜೋರಾದಾಗ ಡೀಲರ್‌ಗಳು, ಹೊರಗಿನ ಅಂಗಡಿಯವರು ಕೂಡ ಹಾಕಿಕೊಟ್ಟಿದ್ದಾರೆ, ಕೆಲವು ಸಲ ರೂಫ್‌ಗೆ ಆಗಿದ್ದ ಡ್ಯಾಮೇಜ್ ಮುಚ್ಚೋಕೂ ಹಾಕಿದ್ದಾರೆ.

ಕಂಡುಹಿಡಿಯೋದು ಹೇಗೆ ಅಂದ್ರೆ, ಕಾರಿನ ಹಳೇ ದಾಖಲೆಯಲ್ಲಿ, ಬಾಡಿ ಮೇಲಿನ ತಗಡಿನ ಪ್ಲೇಟಲ್ಲಿ ಆಪ್ಷನ್ ಕೋಡ್ (ಫ್ಯಾಕ್ಟರಿಯಲ್ಲಿ ಏನೇನು ಹಾಕಿದ್ರು ಅನ್ನೋ ಸಂಕೇತ) ನೋಡಿ. ಷೆವ್ರೊಲೆಯಲ್ಲಿ ವಿನೈಲ್ ರೂಫ್‌ನ ಆಪ್ಷನ್ ನಂಬರ್ ಸಿ08. ಡಾಡ್ಜ್, ಪ್ಲಿಮತ್ ಕಾರುಗಳ ಫೆಂಡರ್ ಟ್ಯಾಗ್‌ನಲ್ಲಿ (ಬಾನೆಟ್ ಎತ್ತಿದ್ರೆ ಕಾಣೋ ಸಣ್ಣ ತಗಡಿನ ಪ್ಲೇಟ್) ವಿ1ಎಕ್ಸ್ ಅಂತ ಇದ್ರೆ ಕಪ್ಪು ವಿನೈಲ್. ನಿಮ್ಮದು ಬೇರೆ ಕಂಪನಿ ಆದ್ರೆ ಅದೇ ಮಾಡೆಲ್ ಇಟ್ಕೊಂಡಿರೋ ಕ್ಲಬ್‌ನವರನ್ನ ಕೇಳಿ, ಅವರಿಗೆ ಇದು ಬಾಯಿಪಾಠ ಇರುತ್ತೆ.

ಫ್ಯಾಕ್ಟರಿ ರೂಫ್ ಆಗಿದ್ರೆ ಇನ್ನೊಂದು ಎಚ್ಚರ ಬೇಕು, ವಿನೈಲ್ ಕೆಳಗಿನ ತಗಡನ್ನ ಕಾರು ಮಾಡಿದವರು ಬಹಳಷ್ಟು ಸಲ ಹೊರಗೆ ತೋರಿಸೋಕೆ ಅಂತ ತಯಾರು ಮಾಡಿರೋದೇ ಇಲ್ಲ. ಇದಕ್ಕೆ ತುಂಬಾ ದೊಡ್ಡ ಉದಾಹರಣೆ 1970ರ ಪ್ಲಿಮತ್ ಸೂಪರ್‌ಬರ್ಡ್. ರೇಸಿಗೋಸ್ಕರ ಹಿಂದಿನ ಗ್ಲಾಸ್ ಸುತ್ತ ಬೇರೆ ತಗಡು ವೆಲ್ಡ್ ಮಾಡಿದ್ರು, ಆ ಜಾಯಿಂಟನ್ನ ಉಜ್ಜಿ ನಯ ಮಾಡೋ ಕೆಲಸ ಉಳಿಸೋಕೆ ಮೇಲೆ ವಿನೈಲ್ ಹಾಕಿಬಿಟ್ರು. ಅಂಥ ಕಾರಲ್ಲಿ ವಿನೈಲ್ ಕಿತ್ತು ಪೇಂಟ್ ಹೊಡೀತೀನಿ ಅಂದ್ರೆ ಫ್ಯಾಕ್ಟರಿ ಅರ್ಧಕ್ಕೆ ಬಿಟ್ಟ ಕೆಲಸ ನೀವು ಮುಗಿಸ್ಬೇಕು. ಸಾಮಾನ್ಯ ಕಾರುಗಳಲ್ಲೂ ಸಣ್ಣ ಮಟ್ಟಿಗೆ ಇದೇ ಕಥೆ ಇರುತ್ತೆ, ಸಿ ಪಿಲ್ಲರ್ ಜಾಯಿಂಟ್ ಒರಟಾಗಿ ಬಿಟ್ಟಿರ್ತಾರೆ.

ಹಾಗಾಗಿ "ವಿನೈಲ್ ಯಾಕೆ, ಪೇಂಟ್ ಮಾಡಿದ್ರೆ ಸುಲಭದಲ್ಲಿ ಮುಗಿಯುತ್ತೆ" ಅನ್ನೋ ಮಾತನ್ನ ನಾನು ಒಪ್ಪಲ್ಲ. ಸ್ಟಡ್ ಎಲ್ಲಾ ಕಿತ್ತು ತೂತು ವೆಲ್ಡ್ ಮಾಡ್ಬೇಕು, ಜಾಯಿಂಟ್ ನಯ ಮಾಡ್ಬೇಕು, ಇಡೀ ರೂಫ್ ಕನ್ನಡಿ ಥರ ನೇರ ಆಗ್ಬೇಕು, ಆಮೇಲೆ ಬಣ್ಣ. ಇಷ್ಟು ದಿನ ವಿನೈಲ್ ಅಂಚಿನ ಪಟ್ಟಿ ಇದ್ದಿದ್ರಿಂದ ಮೇಲೆ ಕೆಳಗೆ ಬೇರೆ ಬೇರೆ ಅನ್ನಿಸ್ತಿತ್ತು, ಅದು ಹೋದ್ರೆ ರೂಫಿಂದ ಕ್ವಾರ್ಟರ್ ಪ್ಯಾನೆಲ್‌ವರೆಗೆ ಬಣ್ಣ ಒಂದೇ ಸಮ ಹರೀಬೇಕು, ಹಳೇ ಪೇಂಟ್‌ಗೆ ಹೊಸದು ಮ್ಯಾಚ್ ಆಗ್ಲಿಲ್ಲ ಅಂದ್ರೆ ಕೊನೆಗೆ ಇಡೀ ಕಾರಿಗೆ ಪೇಂಟ್ ಹೊಡೆಯೋ ಹಂತಕ್ಕೆ ಬಂದು ನಿಲ್ಲುತ್ತೆ. ವಿನೈಲ್ ಹಾಕೋವಾಗ ಸಣ್ಣಪುಟ್ಟ ಗೀರು ಮುಚ್ಚಿಹೋಗುತ್ತೆ, ಆದ್ರೆ ಉಬ್ಬು ತಗ್ಗು ಮುಚ್ಚಲ್ಲ, ತೆಳು ಹಾಳೆ ಮೇಲೆ ಎದ್ದು ಕಾಣುತ್ತೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ಬೇಕು ಅಂದ್ರೆ, ದಾಖಲೆಯಲ್ಲಿ ವಿನೈಲ್ ಇದ್ರೆ, ಕಾರನ್ನ ಅದು ಹುಟ್ಟಿದ ರೂಪದಲ್ಲೇ ಇಡೋ ಆಸೆ ಇದ್ರೆ, ವಿನೈಲೇ ಹಾಕಿಸಿ, ಅದಿಲ್ಲದೆ ಆ ಕಾಲದ ಎಷ್ಟೋ ಕಾರುಗಳ ಗೆರೆಯೇ ಅರ್ಧ ಅನ್ಸುತ್ತೆ. ಫ್ಯಾಕ್ಟರಿದಲ್ಲ, ಆಮೇಲೆ ಯಾರೋ ಹಾಕಿಸಿದ್ದು ಅಂತ ಗೊತ್ತಾದ್ರೆ ಕಿತ್ತುಬಿಡಿ, ಅದನ್ನ ಉಳಿಸೋಕೆ ಕಾರಣ ಕಾಣಲ್ಲ. ಎರಡೂ ಖಚಿತ ಇಲ್ಲ ಅನ್ನೋರಿಗೆ ಒಂದು ದಾರಿ ಇದೆ, ತಗಡು ಪೂರ್ತಿ ರಿಪೇರಿ ಮಾಡಿಸಿ, ಸರಿಯಾಗಿ ಪೇಂಟ್ ಮಾಡಿಸಿ, ಒಂದಷ್ಟು ದಿನ ಹಾಗೇ ಓಡಿಸಿ. ಪೇಂಟ್ ಆದ ರೂಫ್ ಮೇಲೆ ನಾಳೆ ವಿನೈಲ್ ಹಾಕೋದು ಕಷ್ಟ ಅಲ್ಲ, ಆದ್ರೆ ಇವತ್ತು ಅವಸರದಲ್ಲಿ ಹಾಕಿದ ವಿನೈಲ್ ಕೆಳಗೆ ತುಕ್ಕು ಬೆಳೆದ್ರೆ ಹೋದ ತಗಡು ವಾಪಸ್ ಬರಲ್ಲ. ಪಟ್ಟಿ, ಕ್ಲಿಪ್ ಒಂದನ್ನೂ ಬಿಸಾಕ್ಬೇಡಿ, ಕೆಲವು ಮಾಡೆಲ್‌ಗೆ ಅವು ಸಿಗೋದು ವಿನೈಲ್ ಸಿಗೋದಕ್ಕಿಂತ ಕಷ್ಟ. ಹಳೇ ವಿನೈಲಿಂದ ಅಂಗೈಯಗಲ ಒಂದು ತುಂಡು ಕತ್ತರಿಸಿಟ್ಕೊಳ್ಳಿ, ಮೇಲ್ಮೈ ಗ್ರೇನ್ ಕಾರಿಂದ ಕಾರಿಗೆ ಬೇರೆ ಇರುತ್ತೆ, ಹೊಸದು ತರಿಸೋವಾಗ ಪಕ್ಕಕ್ಕಿಟ್ಟು ನೋಡೋಕೆ ಬೇಕಾಗುತ್ತೆ. ಕೀಳೋಕೆ ಮುಂಚೆ ಹೊಲಿಗೆಗಳು ಅಂಚಿಂದ ಎಷ್ಟು ದೂರ ಇವೆ ಅಂತ ಅಳೆದು ಫೋಟೋ ತೆಗೆದಿಡಿ.

ಹೀಗೇ ಓಡಿಸ್ಲಾ ಅನ್ನೋದಕ್ಕೆ ಉತ್ತರ: ಗುಳ್ಳೆ ಇಲ್ದೆ ಇದ್ದಿದ್ರೆ ಹೂಂ ಅಂತಿದ್ದೆ. ಹಾಳೆ ಇನ್ನೂ ಮೆತ್ತಗಿದ್ದು ಅಂಚು ಪಟ್ಟಿಯೊಳಗೇ ಇದ್ರೆ ಮೆದು ಬ್ರಷ್, ಸೌಮ್ಯ ಸೋಪ್ ನೀರಲ್ಲಿ ತೊಳೆದು, ಚೆನ್ನಾಗಿ ಒರೆಸಿ ಒಣಗಿಸಿ, ವಿನೈಲ್ ಡೈ ಹಾಕಿದ್ರೆ ಕಪ್ಪು ಬಣ್ಣ ಮತ್ತೆ ಬರುತ್ತೆ, ಬಿಟ್ಟ ಹೊಲಿಗೆಯನ್ನ ವಿನೈಲ್ ಅಂಟಿಂದ ಮುಚ್ಚಬಹುದು. ಫಳಫಳ ಅನ್ನಿಸೋ ಸಿಲಿಕಾನ್ ಪಾಲಿಷ್ ಮಾತ್ರ ಬಳಿಬೇಡಿ, ಆಮೇಲೆ ಅದರ ಮೇಲೆ ಡೈ ಆಗ್ಲಿ ಅಂಟಾಗ್ಲಿ ಹಿಡಿಯಲ್ಲ. ಒಮ್ಮೆ ಕುಗ್ಗಿ ಗಟ್ಟಿಯಾದ ವಿನೈಲನ್ನ ಯಾವ ದ್ರವವೂ ಮತ್ತೆ ಮೆತ್ತಗೆ ಮಾಡಲ್ಲ. ಆದ್ರೆ ನಿಮ್ಮ ಕಾರಿಗೆ ಗುಳ್ಳೆ ಎದ್ದಿದೆ, ಅದಕ್ಕೇ ಮಳೆ ಬೀಳದ ಜಾಗದಲ್ಲಿ ನಿಲ್ಲಿಸಿ, ಗಾಳಿ ಆಡದ ಪ್ಲಾಸ್ಟಿಕ್ ಹೊದಿಸ್ಬೇಡಿ, ಮತ್ತೆ ಮೊದಲು ಹಿಂದಿನ ಗ್ಲಾಸ್ ಕೆಳಗಿನ ಪಟ್ಟಿ ಒಂದನ್ನ ಸರಿಯಾದ ಕ್ಲಿಪ್ ಟೂಲ್‌ನಿಂದ ತೆಗೆಸಿ ಅಂಚು ಎತ್ತಿ ನೋಡಿಸಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದ್ರೆ ಪಟ್ಟಿ ಬಾಗುತ್ತೆ.

ಕೆಲಸಕ್ಕೆ ಕೊಡೋವಾಗ ಕೆಲವನ್ನ ಬಾಯಿಬಿಟ್ಟು ಹೇಳಿ. ಮುಂದಿನ ಹಿಂದಿನ ಎರಡೂ ಗ್ಲಾಸ್ ಬಿಚ್ಚಲೇಬೇಕು, ಬಿಚ್ಚದೆ ಮಾಡಿದ್ರೆ ತುಕ್ಕು ನಿಜವಾಗಿ ಇರೋ ಸಂದಿ ಹಾಗೇ ಉಳಿಯುತ್ತೆ. ಹಳೇ ವಿನೈಲ್ ಮೇಲೆ ಹೊಸದು ಬೇಡ. ರೂಫ್ ನಡುಭಾಗಕ್ಕೆ ಜೋರಾಗಿ ಸ್ಯಾಂಡ್ ಬ್ಲಾಸ್ಟ್ ಮಾಡೋಕೆ ಬಿಡ್ಬೇಡಿ, ಅಷ್ಟಗಲದ ತೆಳು ತಗಡು ಸೊಟ್ಟಗಾಗುತ್ತೆ, ಹೋದ ಆಕಾರ ತರೋದು ಬಲು ಕಷ್ಟ. ಕೊಳೆತ ತಗಡನ್ನ ಕತ್ತರಿಸಿ ಹೊಸದು ವೆಲ್ಡ್ ಮಾಡ್ಬೇಕು, ಅದೂ ಒಂದೇ ಕಡೆ ಬಿಸಿ ಏರದ ಹಾಗೆ ಸಣ್ಣ ಸಣ್ಣ ಟಾಕ ಹಾಕ್ತಾ. ಬರೀ ತುಕ್ಕು ತಡೆಯೋ ದ್ರವ ಬಳಿದು ಪುಟ್ಟಿ ತುಂಬಿ ಮುಚ್ಚಿದ್ರೆ ಸ್ವಲ್ಪ ಕಾಲದಲ್ಲೇ ಅದೇ ಜಾಗದಲ್ಲಿ ಗುಳ್ಳೆ ವಾಪಸ್ ಬರುತ್ತೆ. ಮೇಲೆ ಎಪಾಕ್ಸಿ ಪ್ರೈಮರ್, ಜಾಯಿಂಟ್‌ಗೆಲ್ಲಾ ಸೀಲೆಂಟ್, ಅದರ ಮೇಲೆ ಪೂರ್ತಿ ಪೇಂಟ್, ಹೌದು ವಿನೈಲ್ ಕೆಳಗೇ, ಫ್ಯಾಕ್ಟರಿ ಮಾಡದೆ ಬಿಟ್ಟಿದ್ದನ್ನ ನೀವು ಮಾಡಿಸಿ. ಅಂಟು ಬಿಸಿ ತಡೆಯೋ ಕಾಂಟ್ಯಾಕ್ಟ್ ಅಂಟೇ ಆಗ್ಬೇಕು, ಸಾಧಾರಣ ಸ್ಪ್ರೇ ಅಂಟು ಬಿಸಿಲಲ್ಲಿ ನಿಂತ ರೂಫ್ ಮೇಲೆ ಬಿಟ್ಕೊಳ್ಳುತ್ತೆ. ರೂಫ್ ನಡುವೆ ಗೆರೆ ಹಾಕ್ಕೊಂಡು, ಹಾಳೆಯನ್ನ ಬೆಚ್ಚಗೆ ಮಾಡಿ ಸುಕ್ಕು ಬಿಡಿಸಿ, ನಡುವಿಂದ ಅಂಚಿನ ಕಡೆಗೆ ಕೂರಿಸ್ತಾ ಹೋಗ್ಬೇಕು, ಪಟ್ಟಿ ಹಾಕೋವಾಗ ಪ್ರತಿ ಸ್ಟಡ್, ಪ್ರತಿ ತೂತಿಗೂ ಸೀಲೆಂಟ್ ಬೀಳ್ಬೇಕು.

ತಗಡು ರಿಪೇರಿ ಮುಗಿದು ಪ್ರೈಮರ್ ಹೊಡೆಯೋಕೆ ಮುಂಚೆ ನೀವೇ ಹೋಗಿ ಬರೀ ತಗಡಿನ ಫೋಟೋ ತೆಗೆದಿಟ್ಕೊಳ್ಳಿ, ನಾಲ್ಕೂ ಮೂಲೆದು, ಹತ್ತಿರದಿಂದ. ಒಂದ್ಸಲ ವಿನೈಲ್ ಅಂಟಿಸಿದ ಮೇಲೆ ಕೆಳಗೆ ಏನಾಗಿದೆ ಅಂತ ಯಾರಿಗೂ ಕಾಣಲ್ಲ, ನಾಳೆ ಕಾರು ಮಾರೋವಾಗ ಸರಿಯಾಗಿ ವಿಚಾರಿಸೋ ಗಿರಾಕಿ ಮೊದಲು ಕೇಳೋದು ಅದನ್ನೇ, ನೀವು ಇನ್ನೊಂದು ಹಳೇ ಕಾರು ಕೊಳ್ಳೋಕೆ ಹೋದಾಗ ಹೊಚ್ಚ ಹೊಸ ವಿನೈಲ್ ಕಂಡ್ರೆ ಕೇಳ್ಬೇಕಾದ್ದೂ ಅದನ್ನೇ.