ಸೆಕೆಗೆ ಸೋಲುವ ನರತಂತು

ಏಪ್ರಿಲ್-ಮೇ ತಿಂಗಳ ಮಂಗಳೂರು ಗೊತ್ತಲ್ವಾ? ಉಷ್ಣಾಂಶ 34-35 ಡಿಗ್ರಿ ಅಷ್ಟೆ, ಬಳ್ಳಾರಿಯವರು ಕೇಳಿದರೆ ನಗುತ್ತಾರೆ. ಆದರೆ ಗಾಳಿಯಲ್ಲಿ ನೀರಿನ ಪಸೆ ಎಷ್ಟಿರುತ್ತದೆ ಎಂದರೆ ಬೆವರು ಸುರಿಯುತ್ತದೆಯೇ ಹೊರತು ಸರಿಯಾಗಿ ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಉಳಿದವರಿಗೆ ಇದು ಬರೀ ಕಿರಿಕಿರಿ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಮಿದುಳು-ಬೆನ್ನುಹುರಿಯ ರೋಗ, ಅಂದರೆ ಎಂಎಸ್ ಇರುವ ಎಷ್ಟೋ ಮಂದಿಗೆ ಹಾಗಲ್ಲ. ಬೆಳಿಗ್ಗೆ ಚೆನ್ನಾಗಿ ಓಡಾಡಿದವರು ಮಧ್ಯಾಹ್ನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಕಾಲು ಎಳೆಯಲು ಶುರು. ಹಂಡೆಯ ಬಿಸಿನೀರು ಮೈಮೇಲೆ ಸುರಿದುಕೊಳ್ಳುತ್ತಿದ್ದ ಹಾಗೆ ಒಂದು ಕಣ್ಣು ಮಂಜಾಗುತ್ತದೆ, ಕೆಂಪು ಚೆಂಬು ಬಣ್ಣ ಮಾಸಿದಂತೆ ಕಾಣುತ್ತದೆ. ಮೈ ಒರೆಸಿ ಫ್ಯಾನಿನಡಿ ಕೂತು ಮೈ ತಣಿದ ಮೇಲೆ ಮತ್ತೆ ಮೊದಲಿನಂತೆ. ನೋಡಿದವರಿಗೆ ನಾಟಕ ಅನ್ನಿಸಬಹುದು. ನಾಟಕ ಅಲ್ಲ ಮಾರಾಯ್ರೆ.

1890ರಲ್ಲಿ ವಿಲ್ಹೆಲ್ಮ್ ಊಟ್‌ಹಾಫ್ ಎಂಬ ಜರ್ಮನ್ ಕಣ್ಣಿನ ಡಾಕ್ಟರ್ ಇದನ್ನು ಬರೆದಿಟ್ಟಿದ್ದಾರೆ. ದೇಹಕ್ಕೆ ಆಯಾಸವಾದಾಗ ಎಂಎಸ್ ರೋಗಿಗಳ ದೃಷ್ಟಿ ಮಂಕಾಗುವುದನ್ನು ಅವರು ಕಂಡಿದ್ದರು. ಆಯಾಸಕ್ಕಿಂತ ಮೈ ಬಿಸಿಯಾಗುವುದೇ ಮುಖ್ಯ ಎಂದು ಗೊತ್ತಾದದ್ದು ಆಮೇಲೆ. ಎಂಆರ್‌ಐ ಬರುವ ಮೊದಲು, ಅನುಮಾನ ಇದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಜಾಸ್ತಿಯಾಗುತ್ತದೋ ನೋಡುವುದು ಒಂದು ಪರೀಕ್ಷೆಯೇ ಆಗಿತ್ತು. ಈಗ ಅದರ ಅಗತ್ಯವಿಲ್ಲ, ಪುಣ್ಯ.

ಯಾಕೆ ಹೀಗಾಗುತ್ತದೆ? ನರತಂತುವಿನ ಸುತ್ತ ಮಯಲಿನ್ ಎಂಬ ಕೊಬ್ಬಿನಂಶ ಜಾಸ್ತಿ ಇರುವ ಹೊದಿಕೆ ಇದೆ. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿ ಇದನ್ನು ಸುತ್ತುವುದು ಆಲಿಗೋಡೆಂಡ್ರೋಸೈಟ್ ಎಂಬ ಜೀವಕೋಶ. ಎಂಎಸ್‌ನಲ್ಲಿ ನಮ್ಮದೇ ರೋಗನಿರೋಧಕ ವ್ಯವಸ್ಥೆ ಈ ಹೊದಿಕೆಯ ಮೇಲೆ ಬೀಳುತ್ತದೆ. ಎಲ್ಲರೂ ಇದನ್ನು ಕರೆಂಟ್ ವಯರಿನ ಪ್ಲಾಸ್ಟಿಕ್‌ಗೆ ಹೋಲಿಸುತ್ತಾರೆ. ನನಗೆ ಆ ಹೋಲಿಕೆ ಅರ್ಧ ಮಾತ್ರ ಒಪ್ಪಿಗೆ. ಪ್ಲಾಸ್ಟಿಕ್ ಕಿತ್ತರೂ ವಯರಿನಲ್ಲಿ ಕರೆಂಟ್ ಹರಿಯುತ್ತದೆ, ಮುಟ್ಟಿ ನೋಡಬೇಡಿ ಅಷ್ಟೆ. ಮಯಲಿನ್ ಕಿತ್ತರೆ ನರತಂತುವಿನಲ್ಲಿ ಸಂಕೇತ ಅಲ್ಲೇ ಸತ್ತು ಹೋಗಬಹುದು.

ಯಾಕೆಂದರೆ ನರದ ಸಂಕೇತ ಒಂದೇ ಓಟದಲ್ಲಿ ಹರಿಯುವುದಿಲ್ಲ. ಹೊದಿಕೆಯ ನಡುನಡುವೆ ಸಣ್ಣ ತೆರವುಗಳಿವೆ, ಒಂದೊಂದೂ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು. ರಾನ್ವಿಯೇ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರು ಅವಕ್ಕೆ. ಸೋಡಿಯಂ ಒಳಗೆ ಬರುವ ಬಾಗಿಲುಗಳು ಒತ್ತಾಗಿ ಸೇರಿರುವುದು ಅಲ್ಲೇ. ಒಂದು ತೆರವಿನಲ್ಲಿ ಬಾಗಿಲು ತೆರೆದು ಸೋಡಿಯಂ ನುಗ್ಗುತ್ತದೆ, ಅದರಿಂದ ಹುಟ್ಟಿದ ವಿದ್ಯುತ್ತು ಮುಂದಿನ ತೆರವಿಗೆ ತಲುಪಿ ಅಲ್ಲಿ ಸಂಕೇತ ಹೊಸದಾಗಿ ಹುಟ್ಟುತ್ತದೆ. ಹೀಗೆ ಜಿಗಿಯುತ್ತಾ ಸಾಗುವುದರಿಂದಲೇ ದಪ್ಪ ತಂತುಗಳಲ್ಲಿ ಸೆಕೆಂಡಿಗೆ 100 ಮೀಟರಿನಷ್ಟು ವೇಗ ಸಾಧ್ಯ. ಹೊದಿಕೆಯೇ ಇಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರ್ ಹೋದರೆ ಹೆಚ್ಚು.

ಆರೋಗ್ಯವಂತ ತಂತುವಿನಲ್ಲಿ ಮುಂದಿನ ತೆರವಿಗೆ ಬೇಕಾದ್ದಕ್ಕಿಂತ ಹಲವು ಪಟ್ಟು ಜಾಸ್ತಿ ವಿದ್ಯುತ್ತು ತಲುಪುತ್ತದೆ. ಹೊದಿಕೆ ಹಾಳಾದ ಕಡೆ ಅದು ಸೋರಿ, ಬೇಕಾದಷ್ಟು ಮಾತ್ರ, ಕೂದಲೆಳೆಯಷ್ಟು ಅಂತರದಲ್ಲಿ ತಲುಪುತ್ತದೆ. ಸೆಕೆ ಬರುವುದು ಇಲ್ಲಿ. ಬಿಸಿಯಾದಾಗ ಸೋಡಿಯಂ ಬಾಗಿಲುಗಳು ಬೇಗ ಮುಚ್ಚಿಕೊಳ್ಳುತ್ತವೆ, ಸಂಕೇತ ಇನ್ನೂ ಚಿಕ್ಕದಾಗುತ್ತದೆ, ಮುಂದಿನ ತೆರವಿನಲ್ಲಿ ಹೊಸ ಸಂಕೇತ ಹುಟ್ಟಿಸುವಷ್ಟು ಬಲ ಅದಕ್ಕೆ ಉಳಿಯುವುದಿಲ್ಲ. ದೇಹದ ಒಳಗಿನ ಉಷ್ಣಾಂಶ ಅರ್ಧ ಡಿಗ್ರಿ ಏರಿದರೂ ಸಾಕು. ಆರೋಗ್ಯವಂತರ ಮೈ ಕೂಡ ಬೆಳಗಿನ ಜಾವಕ್ಕಿಂತ ಸಂಜೆಗೆ ಸುಮಾರು ಅಷ್ಟು ಬಿಸಿಯಾಗಿರುತ್ತದೆ, ನಮಗದು ಗೊತ್ತೂ ಆಗುವುದಿಲ್ಲ.

ಅಂದರೆ ಬಿಸಿಲು ಮಯಲಿನ್ ಸುಡುವುದಿಲ್ಲ. ಹಳೇ ಗಾಯ ತಾತ್ಕಾಲಿಕವಾಗಿ ತಲೆ ಎತ್ತುತ್ತದೆ, ಅಷ್ಟೆ. ಇದನ್ನು ರೋಗಿಗೆ ಮೊದಲ ದಿನವೇ ಹೇಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ, ಇಲ್ಲದಿದ್ದರೆ ಪ್ರತಿ ಬೇಸಿಗೆಯೂ ರೋಗ ಉಲ್ಬಣಿಸಿತು ಎಂಬ ಹೆದರಿಕೆಯಲ್ಲೇ ಹೋಗುತ್ತದೆ.

ನಿಜವಾದ ಹಾನಿ ಸದ್ದಿಲ್ಲದೆ ಬೇರೆ ಕಡೆ ನಡೆಯುತ್ತಿರುತ್ತದೆ. 1868ರಲ್ಲಿ ಪ್ಯಾರಿಸ್‌ನ ನರರೋಗ ತಜ್ಞ ಶಾರ್ಕೋ ಈ ರೋಗವನ್ನು ವಿವರಿಸಿದಾಗ, ಹೊದಿಕೆ ಹೋದರೂ ಒಳಗಿನ ತಂತು ತಕ್ಕ ಮಟ್ಟಿಗೆ ಉಳಿದಿರುವುದನ್ನು ಗಮನಿಸಿದ್ದರು. ಬಹುಕಾಲ ಎಲ್ಲರ ಗಮನ ಹೊದಿಕೆಯ ಮೇಲೇ ಇತ್ತು. 1998ರಲ್ಲಿ ಅಮೆರಿಕದ ಸಂಶೋಧಕ ಬ್ರೂಸ್ ಟ್ರಾಪ್ ಮತ್ತು ಜೊತೆಗಾರರು ಉರಿಯೂತ ಇರುವ ಗಾಯಗಳಲ್ಲಿ ತಂತುಗಳೇ ತುಂಡಾಗಿರುವುದನ್ನು ಸ್ಪಷ್ಟವಾಗಿ ತೋರಿಸಿದರು. ಬರಿದಾದ ತಂತು ಸುಮ್ನೆ ಕೂರುವುದಿಲ್ಲ, ಉದ್ದಕ್ಕೂ ಹೊಸ ಸೋಡಿಯಂ ಬಾಗಿಲು ಹಾಕಿಕೊಂಡು ನಿಧಾನಕ್ಕಾದರೂ ಸಂಕೇತ ಸಾಗಿಸುತ್ತದೆ. ಆದರೆ ಒಳಬಂದ ಸೋಡಿಯಂ ಹೊರಹಾಕಲು ಶಕ್ತಿ ಜಾಸ್ತಿ ಬೇಕು. ಶಕ್ತಿ ಸಾಲದಾದಾಗ ಕ್ಯಾಲ್ಸಿಯಂ ಒಳಗೆ ತುಂಬಿ ತಂತುವನ್ನೇ ಕೊಲ್ಲುತ್ತದೆ. ಮಯಲಿನ್ ಸ್ವಲ್ಪ ಮಟ್ಟಿಗೆ ಮತ್ತೆ ಬೆಳೆಯುತ್ತದೆ, ಮಿದುಳಿನಲ್ಲಿ ತುಂಡಾದ ತಂತು ಮತ್ತೆ ಕೂಡುವುದಿಲ್ಲ. ಹಾಗಾಗಿಯೇ ಈಗ ಚಿಕಿತ್ಸೆಯನ್ನು ಬೇಗ ಶುರು ಮಾಡುತ್ತಾರೆ.

ಮನೆಮಟ್ಟಿಗೆ: ಉಗುರುಬೆಚ್ಚಗಿನ ನೀರಿನ ಸ್ನಾನ, ಕುತ್ತಿಗೆಗೆ ಒದ್ದೆ ಬೈರಾಸು, ಮೀನು ಮಾರ್ಕೆಟ್ಟಿನ ಓಡಾಟ ಬೆಳಿಗ್ಗೆಯೇ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ಹೊಸತೇನಲ್ಲ. ಜ್ವರ ಬಂದರೆ ಹಳೇ ಲಕ್ಷಣಗಳೆಲ್ಲ ಒಟ್ಟಿಗೆ ಎದ್ದು ಕೂರಬಹುದು. ಮೂತ್ರದ ಸೋಂಕಿನಿಂದಲೂ ಹಾಗಾಗಬಹುದು. ಮೊದಲು ಅದನ್ನು ಹುಡುಕಿ ವಾಸಿ ಮಾಡಬೇಕು. ಆದರೆ ಜ್ವರ, ಸೋಂಕು ಏನೂ ಇಲ್ಲದೆ ಹಿಂದೆಂದೂ ಕಾಣದ ಲಕ್ಷಣ ಬಂದು, ಮೈ ತಣಿದ ಮೇಲೂ ಹೋಗದೆ 24 ಗಂಟೆ ದಾಟಿತು ಎಂದರೆ ಸೆಕೆಯ ಮೇಲೆ ತಪ್ಪು ಹಾಕಿ ಕೂರಬೇಡಿ, ನರರೋಗ ತಜ್ಞರಿಗೆ ಫೋನ್ ಮಾಡಿ.