ಲಿವರ್ ದಪ್ಪ ಆಗಿದೆ, ಯಾವ ಟಾನಿಕ್ ಕುಡಿಯಲಿ?

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಲಿವರ್ 16.8 ಸೆಂ.ಮೀ. ಇದೆ, ಗ್ರೇಡ್ 1 ಫ್ಯಾಟಿ ಲಿವರ್ ಅಂತ ಬಂದಿದೆ. ನನಗೆ ಕುಡಿಯುವ ಅಭ್ಯಾಸ ಇಲ್ಲ. ಯಾವ ಲಿವರ್ ಟಾನಿಕ್ ಒಳ್ಳೆಯದು?

ಉತ್ತರ: ಯಾವುದೂ ಬೇಡ. ಇದನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ.

ಲಿವರ್ ದಪ್ಪ ಆಗುವುದು ಕಾಯಿಲೆಯ ಹೆಸರಲ್ಲ, ಒಂದು ಗುರುತು ಅಷ್ಟೇ. ಕೊಬ್ಬು ತುಂಬಿದರೂ ದಪ್ಪ ಆಗುತ್ತದೆ. ಹೆಪಟೈಟಿಸ್, ಡೆಂಗ್ಯೂ, ಟೈಫಾಯ್ಡ್‌ನಲ್ಲೂ ಆಗುತ್ತದೆ. ಹೃದಯ ಸೋತು ರಕ್ತ ಹಿಂದೆ ನಿಂತರೂ ಊದಿಕೊಳ್ಳುತ್ತದೆ. ಅಂಥವರಿಗೆ ಬೇಕಾದ್ದು ನೀರು ಇಳಿಸುವ ಮಾತ್ರೆ. ಲಿವರ್‌ನಲ್ಲಿ ಕೀವುಗಟ್ಟಿದ್ದರೆ ಚಿಕಿತ್ಸೆಯೇ ಬೇರೆ. ಇಷ್ಟಕ್ಕೂ ಒಂದೇ ಬಾಟಲಿ ಮದ್ದು ಹೇಗಾದೀತು?

"ಕುಡಿದೆ, ಕಡಿಮೆ ಆಯ್ತಲ್ಲ ಡಾಕ್ಟ್ರೇ" ಅನ್ನುತ್ತೀರಿ. ಹೆಪಟೈಟಿಸ್ ಎ ಬಹುತೇಕ ಜನರಲ್ಲಿ ತಾನಾಗೇ ವಾಸಿಯಾಗುತ್ತದೆ. ಸ್ಕ್ಯಾನ್ ಮಾಡುವವರು ಬದಲಾದರೆ ಅಳತೆಯಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ. ಹೆಸರು ಮಾತ್ರ ಟಾನಿಕ್‌ಗೆ! "ಗಿಡಮೂಲಿಕೆ, ಏನೂ ಆಗಲ್ಲ" ಅನ್ನುವ ಧೈರ್ಯವೂ ಬೇಡ. ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್‌ಗೇ ಪೆಟ್ಟು ಬಿದ್ದಿದೆ ಎಂದು 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಬೇರೆ ಮಾತು.

ಈಗ ನಿಮ್ಮ ವಿಷಯ. ಸಾಮಾನ್ಯವಾಗಿ 15–16 ಸೆಂ.ಮೀ. ದಾಟಿದರೆ ದಪ್ಪ ಅಂತ ಬರೆಯುತ್ತಾರೆ. ಎತ್ತರದ ಆಳಿಗೆ ಅದು ಸಹಜವೂ ಇರಬಹುದು. ಶುಗರ್, ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ), ಪ್ಲೇಟ್‌ಲೆಟ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡಿಸಿ. ಎಲ್‌ಎಫ್‌ಟಿ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ, ಫ್ಯಾಟಿ ಲಿವರ್‌ನಲ್ಲಿ ಅದು ನಾರ್ಮಲ್ ಇರುವುದು ಮಾಮೂಲು. ಲಿವರ್ ಗಾಯಗಟ್ಟಿ ಗಟ್ಟಿಯಾಗುತ್ತಿದೆಯಾ ಅಂತ ಅಂದಾಜಿಸಲು ವಯಸ್ಸು, ಎಲ್‌ಎಫ್‌ಟಿಯ ಎರಡು ಎನ್‌ಜೈಮ್, ಪ್ಲೇಟ್‌ಲೆಟ್ ಸೇರಿಸಿ ಫಿಬ್-4 ಅಂತ ಲೆಕ್ಕ ಹಾಕುತ್ತೇವೆ. ಅದು ಜಾಸ್ತಿ ಬಂದರೆ ಫೈಬ್ರೋಸ್ಕ್ಯಾನ್, ಅಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್. ಬೊಜ್ಜಿದ್ದರೆ ತೂಕ ಇಳಿಸಿ: 80 ಕೆ.ಜಿ. ಇರುವವರು ಆರರಿಂದ ಎಂಟು ಕೆ.ಜಿ. ಇಳಿಸಿದರೆ ಕೊಬ್ಬಿನ ಜೊತೆ ಉರಿಯೂತವೂ ತಗ್ಗುತ್ತದೆ. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿದರೆ, ಮಲ ಕಪ್ಪಾದರೆ, ಚಳಿಜ್ವರದ ಜೊತೆ ಬಲಪಕ್ಕೆ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಅಂದಹಾಗೆ, ಹೊಟ್ಟೆ ಒತ್ತುವಾಗ ಡಾಕ್ಟರ್ "ಉಸಿರು ಎಳ್ಕೊಳ್ಳಿ" ಅನ್ನುತ್ತಾರಲ್ಲ, ಯಾಕೆ ಗೊತ್ತಾ? ಉಸಿರು ಎಳೆದಾಗ ವಪೆ (ಎದೆ, ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕೆಳಗಿಳಿದು ಲಿವರನ್ನೂ ತಳ್ಳುತ್ತದೆ, ಅದರ ಅಂಚು ಕೈಗೆ ತಾಗುತ್ತದೆ. ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಸರಿಯಾದ ಅಳತೆಯ ಲಿವರ್ ಕೂಡ ಹೀಗೆ ಕೆಳಗೆ ಸಿಗುತ್ತದೆ. ಅದಕ್ಕೇ ಎದೆಯ ಮೇಲೆ ಬೆರಳಿನಿಂದ ತಟ್ಟಿ ಮೇಲಿನ ಅಂಚನ್ನೂ ಗುರುತು ಹಾಕಬೇಕು. ಅದನ್ನು ಮಾಡದೆ "ದಪ್ಪ ಆಗಿದೆ ಸಾರ್" ಅನ್ನುವ ವಿದ್ಯಾರ್ಥಿಗೆ ನನ್ನ ಹತ್ತಿರ ಮಾರ್ಕ್ಸ್ ಇಲ್ಲ.